ಕರೆಸಿ ಕೇಳಿ ಎಂದವನು ಕೇಳುವುದನ್ನೇ ಬಿಟ್ಟಾಗ


*ಇಂದಿನ ಧಮ್ಮ ಚಿಂತನೆ – ಧನಗೆರೆ*

ಧಮ್ಮ ಬಂಧುಗಳೇ,

ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಸಕ್ಕನು ಭಗವಾನ್ ಬುದ್ಧರಿಗೆ ಒಂದು ಪ್ರಶ್ನೆ ಹಾಕುತ್ತಾನೆ. ಎಲ್ಲರಿಗೂ ಜಗಳ, ದ್ವೇಷ ಇಲ್ಲದೆ ಬದುಕುವ ಆಸೆಯಿದೆ. ಆದರೂ ದ್ವೇಷದಲ್ಲೇ ಬದುಕುತ್ತಾರೆ. ಅವರನ್ನು ಕಟ್ಟಿಹಾಕಿರುವ ಹಗ್ಗ ಯಾವುದು? ಬುದ್ಧರ ಉತ್ತರ ಎರಡೇ ಪದ: ಇಸ್ಸಾ ಮತ್ತು ಮಚ್ಛರಿಯ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ಕಂಡು ಒಳಗೇ ಕುದಿಯುವುದು ಇಸ್ಸಾ. ನನ್ನದು ನನಗೊಬ್ಬನಿಗೇ ಇರಲಿ ಎಂದು ಬಿಗಿಹಿಡಿಯುವುದು ಮಚ್ಛರಿಯ. ಮೊದಲನೆಯದು ಹೊಟ್ಟೆಕಿಚ್ಚು. ಎರಡನೆಯದು ಕಳೆದುಕೊಳ್ಳುವ ಭಯ.

ಈ ಎರಡು ಹಗ್ಗಗಳು ಸೇರಿದರೆ ಒಬ್ಬ ಒಳ್ಳೆಯ ಮನುಷ್ಯ ಏನಾಗುತ್ತಾನೆ? ಇದನ್ನು ತಿಳಿಯಲು ಇಂದು ಒಂದು ನಾಟಕದ ಕಥೆ ನೋಡೋಣ.

*ಶೂರನ ಕಥೆ*

19ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಅರಮನೆಯ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು 'ಶೂರಸೇನ ಚರಿತ್ರೆ' ಎಂಬ ನಾಟಕ ಬರೆದರು. ಅದು ಶೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದ ಕನ್ನಡ ರೂಪ. ಹೀಗೆ ಈ ಕಥೆ ನಮ್ಮ ಸೀಮೆಗೆ ಬಂದು ನೂರು ವರ್ಷದ ಮೇಲಾಯಿತು. ಮೂಲದ ಕಥೆಯನ್ನೇ ಚಿಕ್ಕದಾಗಿ ಹೇಳುತ್ತೇವೆ.

ಒಥೆಲೊ ಕಪ್ಪು ಮೈಬಣ್ಣದವನು, ಹೊರಗಿನಿಂದ ಬಂದವನು. ವೆನಿಸ್ ಎಂಬ ಬಿಳಿಯರ ರಾಜ್ಯದಲ್ಲಿ ತನ್ನ ಯೋಗ್ಯತೆಯಿಂದಲೇ ಸೇನಾಪತಿ ಆದವನು. ಯುದ್ಧ ಬಂದರೆ ಆ ರಾಜ್ಯಕ್ಕೆ ಅವನು ಬೇಕು. ಮನೆಗೆ ಕರೆದು ಅವನ ಸಾಹಸದ ಕಥೆ ಕೇಳುವುದಕ್ಕೂ ಅವನು ಬೇಕು. ಆದರೆ ಮಗಳನ್ನು ಕೊಡುವ ಮಾತು ಬಂದರೆ ಅವನು ಬೇಡ. ಈ ನಡತೆ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿನ ದೊಡ್ಡ ಮನೆತನದ ಹುಡುಗಿ ಡೆಸ್ಡೆಮೋನ ಅವನನ್ನು ತಾನೇ ಮೆಚ್ಚಿ ಮದುವೆಯಾಗುತ್ತಾಳೆ. ಅಪ್ಪ ಜನ ಕಟ್ಟಿಕೊಂಡು ಬರುತ್ತಾನೆ. ನನ್ನ ಮಗಳು ಇಂಥವನನ್ನು ಮೆಚ್ಚಲು ಸಾಧ್ಯವೇ ಇಲ್ಲ, ಮಾಟ ಮಾಡಿದ್ದಾನೆ ಎಂದು ಆಳುವವರ ಸಭೆಯಲ್ಲಿ ದೂರು ಕೊಡುತ್ತಾನೆ.

ಆಗ ಒಥೆಲೊ ಸಿಟ್ಟಾಗುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಕತ್ತಿ ಎತ್ತಿದವರಿಗೂ ಕೆಳಗಿಡಿ ಎನ್ನುತ್ತಾನೆ. ಸಭೆಯ ಮುಂದೆ ಅವನು ಕೇಳುವುದು ಒಂದೇ: ಆ ಹೆಣ್ಣನ್ನು ಇಲ್ಲಿಗೆ ಕರೆಸಿ, ಅವಳ ತಂದೆಯ ಎದುರಿಗೇ ಅವಳು ಮಾತಾಡಲಿ, ನನ್ನದು ತಪ್ಪೆಂದರೆ ನನ್ನ ಪದವಿ, ಪ್ರಾಣ ಎರಡನ್ನೂ ತೆಗೆದುಕೊಳ್ಳಿ. ಅವಳು ಬರುತ್ತಾಳೆ, ಸತ್ಯ ಹೇಳುತ್ತಾಳೆ. ಸಭೆ ಒಪ್ಪುತ್ತದೆ. ಕೇಳಿದ್ದರಿಂದ ನ್ಯಾಯ ಸಿಕ್ಕಿತು.

ಇನ್ನು ಕೊನೆಯ ಅಂಕ. ಅದೇ ಒಥೆಲೊ ರಾತ್ರಿ ಹೆಂಡತಿಯ ಹಾಸಿಗೆಯ ಪಕ್ಕ ನಿಂತಿದ್ದಾನೆ. ಕ್ಯಾಸಿಯೊ ಎಂಬ ತನ್ನ ಕೈಕೆಳಗಿನ ಅಧಿಕಾರಿಯ ಜೊತೆ ಅವಳಿಗೆ ಸಂಬಂಧವಿದೆ ಎಂದು ನಂಬಿದ್ದಾನೆ. ಅವಳು ಬೇಡುವುದು ಏನು? ಆ ಮನುಷ್ಯನನ್ನು ಕರೆಸಿ ಕೇಳು ಎನ್ನುತ್ತಾಳೆ. ಅಂದು ಸಭೆಯಲ್ಲಿ ಅವನು ಬೇಡಿದ್ದನ್ನೇ ಇಂದು ಅವಳು ಬೇಡುತ್ತಿದ್ದಾಳೆ. ಅವನು ಕರೆಸುವುದಿಲ್ಲ. ಅರ್ಧ ಗಂಟೆಯಾದರೂ ಬಿಡು ಎನ್ನುತ್ತಾಳೆ. ಅದನ್ನೂ ಕೊಡುವುದಿಲ್ಲ. ಕೈಯಾರೆ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಅದಾದ ಸ್ವಲ್ಪ ಹೊತ್ತಿಗೇ ಅವಳ ಸೇವಕಿ ಎಮಿಲಿಯ ಬಂದು ನಿಜ ಹೊರಗೆ ಹಾಕುತ್ತಾಳೆ. ಆ ಅರ್ಧ ಗಂಟೆ ಕೊಟ್ಟಿದ್ದರೆ ಸಾಕಾಗಿತ್ತು.

ಒಥೆಲೊ ಎಷ್ಟು ಬದಲಾದ ಎಂದು ಅಳೆಯಲು ಬೇರೆ ಅಳತೆಗೋಲು ಬೇಡ. *ಕರೆಸಿ ಕೇಳಿ* ಎಂದವನು *ಕೇಳುವುದೇನಿದೆ* ಎನ್ನುವವನಾದ. ಅವನ ಪತನದ ಉದ್ದ ಅಷ್ಟೇ.

*ನಡುವೆ ಏನಾಯಿತು?*

ನಡುವೆ ಇಯಾಗೊ ಬಂದ. ತನಗೆ ಸಿಗಬೇಕಾದ ಹುದ್ದೆ ಕ್ಯಾಸಿಯೊಗೆ ಸಿಕ್ಕಿತೆಂದು ಅವನ ಹೊಟ್ಟೆ ಉರಿಯುತ್ತಿತ್ತು. ಇದು ಇಸ್ಸಾ. ಒಥೆಲೊನ ಮಚ್ಛರಿಯವನ್ನು ಅವನು ಕೆಣಕಿದ. ಹೇಗೆ ಕೆಣಕಿದ ಎಂಬುದನ್ನು ನಾವು ಗಮನಿಸಬೇಕು, ಏಕೆಂದರೆ ಅಂಥವರು ಪ್ರತಿ ಊರಿನಲ್ಲೂ ಇದ್ದಾರೆ.

ಅವನು ನೇರವಾಗಿ ಏನೂ ಹೇಳುವುದಿಲ್ಲ. ಅರ್ಧ ಮಾತಾಡಿ ನಿಲ್ಲಿಸುತ್ತಾನೆ. ಅಯ್ಯೋ ಬಿಡಿ, ನಾನ್ಯಾಕೆ ಹೇಳ್ಲಿ, ನಿಮ್ಮ ಮನಸ್ಸಿಗೆ ನೋವಾಗುತ್ತೆ ಎನ್ನುವ ಧಾಟಿ. ಹೊಟ್ಟೆಕಿಚ್ಚು ಒಳ್ಳೆಯದಲ್ಲ ಸ್ವಾಮಿ, ಹುಷಾರು ಎಂದು ಬುದ್ಧಿಯನ್ನೂ ಹೇಳುತ್ತಾನೆ. ನಮ್ಮ ಕನ್ನಡದಲ್ಲಿ 'ಅಂತೆ' ಎಂಬ ಪುಟ್ಟ ಪದವಿದೆ. ಹೋಗಿದ್ದಳಂತೆ, ಮಾತಾಡಿದಳಂತೆ, ದುಡ್ಡು ಹೊಡೆದನಂತೆ. ಹೇಳಿದವನಿಗೆ ಜವಾಬ್ದಾರಿ ಇಲ್ಲ, ಕೇಳಿದವನಿಗೆ ನಿದ್ದೆ ಇಲ್ಲ. ಇಯಾಗೊನ ಬಂಡವಾಳವೆಲ್ಲ ಈ 'ಅಂತೆ'.

ಆದರೆ ಯುದ್ಧಭೂಮಿಯಲ್ಲಿ ಅಲುಗಾಡದ ಮನುಷ್ಯ ಇಷ್ಟಕ್ಕೇ ಬಿದ್ದನೇ? ಇಲ್ಲ. ಇಯಾಗೊ ಇನ್ನೊಂದು ಕಡೆ ಕೈ ಇಟ್ಟ. ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ಎಷ್ಟೋ ಗಂಡುಗಳನ್ನು ಬಿಟ್ಟು ಅವಳು ನಿನ್ನನ್ನು ಮೆಚ್ಚಿದ್ದೇ ಸಹಜವಲ್ಲ, ಒಂದು ದಿನ ಅವಳ ಮನಸ್ಸು ತನ್ನವರ ಕಡೆಗೇ ತಿರುಗುತ್ತದೆ ಎಂದ. ಸಭೆಯಲ್ಲಿ ಹುಡುಗಿಯ ಅಪ್ಪ ಹೇಳಿದ್ದೂ ಇದೇ ಮಾತು. ಅಂದು ಎದುರಾಳಿಯ ಬಾಯಲ್ಲಿ ಬಂದಾಗ ಒಥೆಲೊ ಅದನ್ನು ಗೆದ್ದ. ಇಂದು ಸ್ನೇಹಿತನ ಬಾಯಲ್ಲಿ ಬಂದಾಗ ನಂಬಿದ. ನಾನು ಕಪ್ಪಗಿದ್ದೇನೆ, ನಾಜೂಕಿನ ಮಾತು ಬಾರದು, ಅದಕ್ಕೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಬಂಧುಗಳೇ, ವಿಷ ಒಳಗೆ ಹೋದದ್ದು ಇಲ್ಲಿಂದ. ಹೆಂಡತಿಯ ಮೇಲಿನ ಅನುಮಾನಕ್ಕಿಂತ ಮುಂಚೆ ಅವನಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ನನ್ನಂಥವನನ್ನು ಯಾರಾದರೂ ನಿಜವಾಗಿ ಪ್ರೀತಿಸಲು ಸಾಧ್ಯವೇ? ಸಮಾಜ ಅವನ ಮೇಲೆ ಎಸೆದಿದ್ದ ಕೀಳರಿಮೆಯನ್ನು ಅವನು ಅಷ್ಟು ವರ್ಷ ಹೊರಗೇ ನಿಲ್ಲಿಸಿದ್ದ. ಆ ದಿನ ಬಾಗಿಲು ತೆಗೆದು ಒಳಗೆ ಬಿಟ್ಟುಕೊಂಡ.

1997ರಲ್ಲಿ ಮಲಯಾಳಂನಲ್ಲಿ ನಿರ್ದೇಶಕ ಜಯರಾಜ್ ಈ ಕಥೆಯನ್ನು 'ಕಳಿಯಾಟ್ಟಂ' ಎಂಬ ಸಿನಿಮಾ ಮಾಡಿದರು. ಅಲ್ಲಿ ನಾಯಕ ತೆಯ್ಯಂ ಕಟ್ಟುವ ಕೆಳಜಾತಿಯ ಕಲಾವಿದ, ನಾಯಕಿ ಮೇಲ್ಜಾತಿಯ ಮನೆಯ ಹುಡುಗಿ. ಮೈಬಣ್ಣ ಇದ್ದ ಜಾಗದಲ್ಲಿ ಜಾತಿ ಬಂದು ಕೂತಿತು. ಕಥೆಯ ಬೇರೇನನ್ನೂ ಹೆಚ್ಚು ಬದಲಿಸಬೇಕಾಗಲಿಲ್ಲ. ಬಾಬಾಸಾಹೇಬರು ಗುಲಾಮಗಿರಿಯ ಮಾನಸಿಕ ಬೇಡಿ ಕಳಚಬೇಕೆಂದು ಯಾಕೆ ಅಷ್ಟು ಒತ್ತಿ ಹೇಳಿದರು ಎಂಬುದಕ್ಕೆ ಇಲ್ಲೊಂದು ಕಾರಣ ಕಾಣುತ್ತದೆ. ತನ್ನನ್ನು ತಾನು ಕೀಳೆಂದು ಒಪ್ಪಿಕೊಂಡವನ ನೋವು ಅವನಲ್ಲೇ ನಿಲ್ಲುವುದಿಲ್ಲ. ಅವನ ಕೈಗೆ ಸಿಗುವ, ಅವನಿಗಿಂತ ಬಲ ಕಡಿಮೆಯಿರುವ ಇನ್ನೊಬ್ಬರ ಮೇಲೆ ಅದು ಬೀಳುತ್ತದೆ.

*ಕರವಸ್ತ್ರ ಸಾಕ್ಷಿಯೇ?*

ಒಥೆಲೊ ಸಾಕ್ಷಿಯನ್ನೇ ಕೇಳಲಿಲ್ಲ ಎನ್ನಲಾಗದು. ಕಣ್ಣಿಗೆ ಕಾಣುವ ಸಾಕ್ಷಿ ಕೊಡು ಎಂದು ಇಯಾಗೊನ ಕುತ್ತಿಗೆ ಹಿಡಿದಿದ್ದ. ಸಾಕ್ಷಿಯೂ ಬಂತು: ತಾನು ಹೆಂಡತಿಗೆ ಕೊಟ್ಟಿದ್ದ ಕರವಸ್ತ್ರ ಕ್ಯಾಸಿಯೊನ ಕೈಯಲ್ಲಿ. ಅದು ಬಿದ್ದುಹೋಗಿತ್ತು, ಎಮಿಲಿಯ ಎತ್ತಿ ತನ್ನ ಗಂಡ ಇಯಾಗೊಗೆ ಕೊಟ್ಟಿದ್ದಳು, ಅವನು ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಹಾಕಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇವತ್ತಿನ ಕರವಸ್ತ್ರ ಯಾವುದು? ಮೊಬೈಲ್‌ನ ಕಾಲ್ ಲಿಸ್ಟ್, ಅರ್ಧ ಸ್ಕ್ರೀನ್‌ಶಾಟ್, ಮುಂದೆ ಹಿಂದೆ ಕತ್ತರಿಸಿದ ಆಡಿಯೊ, ಗ್ರೂಪ್ ಫೋಟೊದಲ್ಲಿ ಯಾರು ಯಾರ ಪಕ್ಕ ನಿಂತಿದ್ದರು ಎಂಬುದು. ವಸ್ತು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ತಾನಾಗಿ ಮಾತಾಡುವುದೂ ಇಲ್ಲ. ನಮಗೆ ತೋರಿಸಿದವನು ಅದರ ಬಾಯಾಗುತ್ತಾನೆ.

*ಸಂಘದ ಕಾನೂನು*

ಬುದ್ಧರ ಕಾಲದಲ್ಲೂ ಇಂಥದ್ದು ನಡೆಯಿತು. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಬರುತ್ತದೆ: ಕೆಲವು ಭಿಕ್ಷುಗಳು ಸ್ಥಳದಲ್ಲಿ ಇಲ್ಲದ ಭಿಕ್ಷುಗಳ ಮೇಲೆ ಕ್ರಮ ಜರುಗಿಸುತ್ತಿದ್ದರು. ಬುದ್ಧರು ಅದನ್ನು ತಡೆದರು. ವಿವಾದಗಳನ್ನು ತೀರಿಸಲು ಇರುವ ಏಳು ವಿಧಾನಗಳಲ್ಲಿ ಮೊದಲನೆಯದು ಸಮ್ಮುಖಾವಿನಯ. ಅಂದರೆ ಆರೋಪ ಹೊತ್ತವನು ಎದುರಿಗೆ ಇರಬೇಕು, ಅವನ ಸಮ್ಮುಖದಲ್ಲೇ ತೀರ್ಮಾನ ಆಗಬೇಕು. ಇಂದಿನ ನ್ಯಾಯಾಲಯಗಳು ಒಪ್ಪುವ ಸಹಜ ನ್ಯಾಯವೂ ಇದೇ.

ಬಾಬಾಸಾಹೇಬರ ಹೋರಾಟವನ್ನು ಈ ಕಣ್ಣಿನಿಂದ ನೋಡಿ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅವರು ಸಾಕ್ಷ್ಯ ಹೇಳಿದಾಗ ಇನ್ನೂ 27ರ ಪ್ರಾಯ. ಅಸ್ಪೃಶ್ಯರ ಪರವಾಗಿ ಇತರರು ಮಾತಾಡಿದರೆ ಸಾಲದು, ಅಸ್ಪೃಶ್ಯರೇ ಮಾತಾಡಬೇಕು ಎಂಬುದು ಅವರ ವಾದ. ನಮ್ಮ ಬಗ್ಗೆ ಶಾಸ್ತ್ರಗಳು ತೀರ್ಪು ಕೊಟ್ಟವು, ಊರು ತೀರ್ಪು ಕೊಟ್ಟಿತು, ಯಾರೂ ನಮ್ಮನ್ನು ಕರೆದು ಕೇಳಲಿಲ್ಲ. ಕರೆಸಿ, ನಮ್ಮ ಬಾಯಿಂದ ಕೇಳಿ ಎಂದವರು ಅವರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಸಭೆ ನಡೆಸುವ ನಿಯಮಗಳು ಭಾರತಕ್ಕೆ ಹೊಸತಲ್ಲ, ಬೌದ್ಧ ಭಿಕ್ಷು ಸಂಘಗಳಲ್ಲಿ ಅವು ಇದ್ದವು ಎಂದು ನೆನಪಿಸಿದರು.

ಕೇಳಿಸಿಕೊಳ್ಳುವ ಹಕ್ಕಿಗಾಗಿ ಹೋರಾಡಿದ ಜನ ನಾವು. ಅದೇ ಹಕ್ಕನ್ನು ನಮ್ಮ ಮನೆಯ ಹೆಣ್ಣಿಗೆ, ನಮ್ಮ ಸಂಘದ ಜೊತೆಗಾರನಿಗೆ ನಾವು ಕೊಡದಿದ್ದರೆ, ಸಭೆಯಲ್ಲಿ ಗೆದ್ದು ಮನೆಯಲ್ಲಿ ಬಿದ್ದ ಒಥೆಲೊ ಆಗುತ್ತೇವೆ.

*ಸಂಕಮ್ಮ ಕೊಡದ ಭಾಷೆ*

ಇಲ್ಲಿ ಒಂದು ಎಚ್ಚರ ಬೇಕು. ಕೇಳು ಎಂದರೆ ಹಿಡಿದು ವಿಚಾರಣೆ ಮಾಡು ಎಂದಲ್ಲ. ಇದಕ್ಕೆ ನಮ್ಮ ನೆಲದಲ್ಲೇ ಕಥೆಯಿದೆ. ನಾವೀಗ ಹರಕೆ ಹೊರುವವರಲ್ಲ, ಧಮ್ಮದ ದಾರಿಯವರು. ಆದರೂ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಂಸಾಳೆ ಹಾಡು ಕೇಳದ ಕಿವಿ ನಮ್ಮ ಕಡೆ ಇಲ್ಲ. ಆ ಕಾವ್ಯದ ಸಂಕಮ್ಮನ ಸಾಲನ್ನು ಮನುಷ್ಯರ ಕಥೆಯಾಗಿ ನೋಡೋಣ.

ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಹೆಂಡತಿ ಸಂಕಮ್ಮ ತಪ್ಪು ಮಾಡಿದರೆ ಎಂಬ ಅನುಮಾನ. ಅವನ ಕಿವಿಗೆ ಯಾವ ಇಯಾಗೊ ಕೂಡ ಊದಲಿಲ್ಲ. ಮಚ್ಛರಿಯ ಬಲಿತರೆ ಚಾಡಿಕೋರನೂ ಬೇಕಾಗಿಲ್ಲ, ಮನಸ್ಸೇ ಆ ಕೆಲಸ ಮಾಡಿಕೊಳ್ಳುತ್ತದೆ. ಕೈ ಮುಟ್ಟಿ ಭಾಷೆ ಕೊಡು ಎಂದು ಅವಳನ್ನು ಪೀಡಿಸುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ, ಆದರೂ ಕೊಡುವುದಿಲ್ಲ. ಕಾಡಿನ ಗುಡಿಸಲಿನಲ್ಲಿ ಅವಳನ್ನು ಬಂಧಿಸಿಟ್ಟು ಹೋಗುತ್ತಾನೆ. ಹಾಡಿನಲ್ಲಿ ಮಾದಪ್ಪ ಬಂದು ಅವಳನ್ನು ಕಾಯುತ್ತಾನೆ.

ಭಾಷೆ ಕೊಟ್ಟಿದ್ದರೆ ಹಿಂಸೆ ತಪ್ಪುತ್ತಿತ್ತಲ್ಲ, ಯಾಕೆ ಕೊಡಲಿಲ್ಲ? ಅವನು ಕೇಳಿದ್ದು ಉತ್ತರವನ್ನಲ್ಲ. ಅವನ ಮನಸ್ಸಿನಲ್ಲಿ ತೀರ್ಪು ಆಗಲೇ ಆಗಿತ್ತು. ಅವಳು ಕಳ್ಳಿ, ಭಾಷೆ ಅವಳ ಜಾಮೀನು. ಒಮ್ಮೆ ಕೊಟ್ಟರೆ ದಿನವೂ ಕೊಡಬೇಕು. ದಿನವೂ ಪ್ರಮಾಣ ಮಾಡಿ ಉಳಿಸಿಕೊಳ್ಳಬೇಕಾದದ್ದು ನಂಬಿಕೆಯಲ್ಲ, ಕಾವಲು. ಒಥೆಲೊ ಕೂಡ ಎಮಿಲಿಯಳನ್ನು ಪ್ರಶ್ನಿಸಿದ್ದ. ನನ್ನ ಒಡತಿ ಶುದ್ಧ ಮನಸ್ಸಿನವಳು ಎಂದು ಅವಳು ಖಂಡಿತವಾಗಿ ಹೇಳಿದಳು. ಅವನು ನಂಬಲಿಲ್ಲ. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಕೇಳಿದರೆ ಅದು ಕೇಳಿದ ಹಾಗಲ್ಲ. ಎದುರಿನವರ ಉತ್ತರದಿಂದ ನನ್ನ ಮನಸ್ಸು ಬದಲಾಗಬಹುದು ಎಂಬ ತಯಾರಿ ಇದ್ದರೆ ಮಾತ್ರ ಅದು ಸಮ್ಮುಖ.

*ತಪ್ಪು ಯಾರದು?*

ಕಿವಿಗೆ ವಿಷ ಸುರಿದವನ ತಪ್ಪೋ, ಕಿವಿ ಕೊಟ್ಟವನ ತಪ್ಪೋ? ಸುರಿದವನದು ತಪ್ಪೇ. ಪಂಚಶೀಲದ ಮುಸಾವಾದ ಅವನನ್ನು ಬಿಡುವುದಿಲ್ಲ. ಆದರೆ ಕಿವಿ ಕೊಟ್ಟವನು ಅಷ್ಟಕ್ಕೇ ಪಾರಾಗುತ್ತಾನೆಯೇ?

ಅಂಗುಲಿಮಾಲನ ಕಥೆ ನೆನಪಿಸಿಕೊಳ್ಳಿ. ಅಟ್ಠಕಥೆಯ ಪ್ರಕಾರ ಅವನ ಹೆಸರು ಅಹಿಂಸಕ, ತಕ್ಷಶಿಲೆಯಲ್ಲಿ ಓದುತ್ತಿದ್ದ ಜಾಣ ಹುಡುಗ. ಹೊಟ್ಟೆಕಿಚ್ಚುಪಟ್ಟ ಸಹಪಾಠಿಗಳು, ಗುರುಪತ್ನಿಯ ಜೊತೆ ಇವನ ನಡತೆ ಸರಿಯಿಲ್ಲ ಎಂದು ಗುರುವಿನ ಕಿವಿ ಊದಿದರು. ಇಲ್ಲೂ ಅದೇ ಸುಳ್ಳು. ಗುರು ಶಿಷ್ಯನನ್ನು ಕೂರಿಸಿ ಕೇಳಲಿಲ್ಲ. ಗುರುದಕ್ಷಿಣೆಯಾಗಿ ಸಾವಿರ ಬೆರಳು ತಾ ಎಂದ. ಅಹಿಂಸಕ ಕೊಲೆಗಾರನಾದ. ಆದರೆ ಮಜ್ಝಿಮ ನಿಕಾಯದ ಅಂಗುಲಿಮಾಲ ಸುತ್ತದಲ್ಲಿ ಈ ಗುರುವಿನ ಕಥೆಯೇ ಇಲ್ಲ. ಅಲ್ಲಿ ಬುದ್ಧರು ನಿನ್ನನ್ನು ಯಾರು ಕೆಡಿಸಿದರು ಎಂದು ವಿಚಾರಿಸುವುದಿಲ್ಲ. ತಾನು ನಿಂತಾಗಿದೆ, ನೀನೂ ನಿಲ್ಲು ಎನ್ನುತ್ತಾರೆ, ಅಷ್ಟೇ. ಮುಂದೆ ಭಿಕ್ಷುವಾದ ಮೇಲೆ ಜನರ ಕಲ್ಲೇಟಿಗೆ ಅವನ ತಲೆ ಒಡೆದು ರಕ್ತ ಸುರಿಯುತ್ತದೆ. ಆಗಲೂ, ಇದು ನಿನ್ನ ಕರ್ಮದ ಫಲ, ಸಹಿಸು ಎನ್ನುತ್ತಾರೆ.

ಇದರಲ್ಲಿ ಕಠಿಣತೆಯೂ ಇದೆ, ಗೌರವವೂ ಇದೆ. ನಿನ್ನನ್ನು ಯಾರೋ ಆಡಿಸಿದರು, ನೀನು ಬರೀ ಗೊಂಬೆ ಎಂದರೆ ಕೇಳಲು ಹಿತ. ಆದರೆ ಗೊಂಬೆಗೆ ಬಿಡುಗಡೆ ಇಲ್ಲ. ನಿಲ್ಲಿಸುವ ಶಕ್ತಿ ನಿನ್ನಲ್ಲಿದೆ ಎಂದರೆ ಮಾತ್ರ ಮನುಷ್ಯ ಬದಲಾಗಬಲ್ಲ. ಜಾತಿ ಕೊಟ್ಟ ಗಾಯ ನಮ್ಮ ಸಿಟ್ಟನ್ನು ವಿವರಿಸಬಹುದು. ಆ ಸಿಟ್ಟಿನಲ್ಲಿ ನಾವು ಎತ್ತಿದ ಕೈಯನ್ನು ಅದು ಸಮರ್ಥಿಸುವುದಿಲ್ಲ. ಡೆಸ್ಡೆಮೋನಳಿಗೆ ಆ ವಿವರಣೆಯಿಂದ ಉಸಿರು ಮರಳಿ ಬರಲಿಲ್ಲ.

*ನಮ್ಮ ನಡುವೆ*

ಸ್ವಸಹಾಯ ಸಂಘದ ಸಭೆ ಮುಗಿಸಿ ತಡವಾಗಿ ಬರುವ ಹೆಣ್ಣುಮಕ್ಕಳಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿದ್ದಾರೆ. ಪಂಚಾಯ್ತಿ ಸದಸ್ಯೆಯರಿದ್ದಾರೆ. ಅವರು ಹೊರಗೆ ಬಂದದ್ದು ಬಾಬಾಸಾಹೇಬರ ಕನಸು. ಅವರ ಮೊಬೈಲ್ ಕಸಿದು ನೋಡುವ ಕೈ ಆ ಕನಸಿಗೆ ಅಡ್ಡ ಬಂದ ಕೈ. ಇನ್ನು ನಮ್ಮ ಸಂಘಟನೆಗಳು. ಎಷ್ಟು ಸಂಘ ಒಡೆದದ್ದು ತತ್ವಕ್ಕಾಗಿ, ಎಷ್ಟು 'ಅಂತೆ'ಗಾಗಿ? ಹುದ್ದೆ ಸಿಗದವನ ಇಸ್ಸಾ, ಹುದ್ದೆ ಬಿಡದವನ ಮಚ್ಛರಿಯ, ನಡುವೆ ಒಂದು ಅರ್ಧ ಸ್ಕ್ರೀನ್‌ಶಾಟ್. ನಮ್ಮನ್ನು ಒಡೆಯಲು ಹೊರಗಿನ ವೈರಿ ಬರಬೇಕಾಗಿಲ್ಲ.

ಬುದ್ಧರ ಮೇಲೂ ಸುಂದರಿ ಎಂಬ ಪರಿವ್ರಾಜಿಕೆಯ ಕೊಲೆಯ ನೆಪದಲ್ಲಿ ಅಪವಾದ ಬಂತು. ಬುದ್ಧ ಸಂಘಕ್ಕೆ ಸಿಗುತ್ತಿದ್ದ ಗೌರವ ಕಂಡು ಸಹಿಸದವರು ಮಾಡಿದ ಪಿತೂರಿ ಅದು. ಸಾವತ್ಥಿಯ ಜನ ಭಿಕ್ಷುಗಳನ್ನು ಕಂಡಕಂಡಲ್ಲಿ ಬೈದರು. ಉದಾನದಲ್ಲಿ ಬುದ್ಧರು ಹೇಳುತ್ತಾರೆ: ಈ ಸದ್ದು ಏಳು ದಿನ ಇರುತ್ತದೆ, ಆಮೇಲೆ ಅಡಗುತ್ತದೆ. ಹಾಗೇ ಆಯಿತು. ಒಥೆಲೊ ಅರ್ಧ ಗಂಟೆ ಕಾಯಲಿಲ್ಲ. ನಾವು ಒಂದು ಫಾರ್ವರ್ಡ್ ಒತ್ತುವ ಮುಂಚೆ ಎಷ್ಟು ಹೊತ್ತು ಕಾಯುತ್ತೇವೆ?

*ಇಂದಿನ ಅಭ್ಯಾಸ*

ಒಬ್ಬರ ಬಗ್ಗೆ ನೀವು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿರುವ ಒಂದು 'ಅಂತೆ'ಯನ್ನು ಇಂದು ಗುರುತಿಸಿ. ಅದನ್ನು ನಿಮಗೆ ಹೇಳಿದವರು ಯಾರು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ನೋಡಿ. ಅದು ನಿಮ್ಮೊಳಗಿನ ಯಾವ ಹಳೆಯ ಗಾಯವನ್ನು ಮುಟ್ಟಿತು ಎಂದು ನೋಡಿ. ಆಮೇಲೆ ಎರಡರಲ್ಲಿ ಒಂದು ಮಾಡಿ: ಆ ವ್ಯಕ್ತಿಯ ಎದುರು ಕೂತು, ಅವರ ಉತ್ತರವನ್ನು ನಂಬಲು ತಯಾರಾಗಿ, ನೇರವಾಗಿ ಕೇಳಿ. ಇಲ್ಲವೇ ಅದನ್ನು ಅಲ್ಲೇ ಕೆಳಗಿಡಿ. ಮೂರನೆಯವರಿಗೆ ದಾಟಿಸಬೇಡಿ.

ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವ ಮುದಿತೆ ನಮ್ಮಲ್ಲಿ ಬೆಳೆಯಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.